ಮೊಂತಿ ಹಬ್ಬದ ತೆನೆ ಯಾರದ್ದು?

ಸದಾಶಿವ ಪೇಠದಿಂದ ಈ ವಾರದ ಮಾತು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದ್ಕೋತೀವಿ ಅನ್ನೋರಿಗಾಗಿ ಅದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕಿದ್ದೇನೆ. ಮಾತಿನ ಧಾಟಿ ಹಾಗೇ ಇದೆ, ಹೊಂದಿಸಿಕೊಳ್ಳಿ.

ಡಿಸೆಂಬರ್ ಬಂತು ಅಂದ್ರೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ತಪ್ಪದೆ ಬರತ್ತೆ. ಕ್ರಿಸ್ಮಸ್ ಕ್ರೈಸ್ತರದ್ದೇ ಅಲ್ಲ, ರೋಮನ್ನರ ಸೂರ್ಯನ ಹಬ್ಬವನ್ನ ಕದ್ದಿದ್ದು ಅಂತ. ಏಪ್ರಿಲ್‌ನಲ್ಲಿ ಅದೇ ಮಾತು ಈಸ್ಟರ್ ಬಗ್ಗೆ. ಸೆಪ್ಟೆಂಬರ್‌ನಲ್ಲಿ ಮಂಗಳೂರು ಕಡೆಯವರ ಗುಂಪಾದ್ರೆ ಮೊಂತಿ ಫೆಸ್ತ್ ಬಗ್ಗೆ: ಅದು ನಮ್ಮ ತೆನೆ ಹಬ್ಬ, ಅವರು ಎತ್ಕೊಂಡು ಹೋದ್ರು. ಇದಕ್ಕೆ ಇನ್ನೊಂದು ಕಡೆಯಿಂದ ಉತ್ತರ ಬರತ್ತೆ: ಇಲ್ಲ, ಇದು ಕನ್ಯಾ ಮರಿಯಮ್ಮನ ಹುಟ್ಟುಹಬ್ಬ, ನಿಮ್ಮದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇಬ್ಬರಿಗೂ ಬೇಕಾಗಿರೋದು ಹಬ್ಬದ ಪಹಣಿ. ಯಾರ ಹೆಸರಲ್ಲಿದೆ, ಯಾರು ಒತ್ತುವರಿ ಮಾಡಿದ್ರು ಅನ್ನೋದು.

ರೋಮ್ ಬಗ್ಗೆ ಆಮೇಲೆ ಹೇಳ್ತೀನಿ. ಮೊದಲು ನಮ್ಮ ಕರಾವಳಿಯದ್ದೇ ನೋಡೋಣ, ಯಾಕಂದ್ರೆ ಇಲ್ಲಿ ಏನಾಯ್ತು ಅನ್ನೋದು ಕಣ್ಣಿಗೆ ಕಾಣೋ ಹಾಗಿದೆ.

ಮೊಂತಿ ಫೆಸ್ತ್ ಸೆಪ್ಟೆಂಬರ್ 8ಕ್ಕೆ. ಅದಕ್ಕೆ ಮೊದಲು ಒಂಬತ್ತು ದಿನ, ಆಗಸ್ಟ್ 30ರಿಂದ, ಮಕ್ಕಳು ತಟ್ಟೆ, ಬುಟ್ಟಿಗಳಲ್ಲಿ ಹೂವು ತುಂಬಿಕೊಂಡು ಇಗರ್ಜಿಗೆ ಹೋಗ್ತಾರೆ. ಮಳೆಗಾಲದ ಕೊನೆ, ಬೇಲಿಯಲ್ಲಿ, ಅಂಗಳದಲ್ಲಿ ಸಿಕ್ಕಿದ ಹೂವು. ಬಾಲ ಮರಿಯಮ್ಮನ ಸಣ್ಣ ಮೂರ್ತಿಗೆ ಹಾಡು ಹೇಳ್ತಾ ಆ ಹೂವು ಎರಚೋದು. ಹಬ್ಬದ ದಿನ ಭತ್ತದ ತೆನೆಗಳಿಗೆ ಪಾದ್ರಿಗಳು ಆಶೀರ್ವಾದ ಮಾಡಿ, ಮೆರವಣಿಗೆಯಲ್ಲಿ ತಂದು, ಮನೆಗೆ ಇಷ್ಟು ಅಂತ ಹಂಚ್ತಾರೆ. ಮಕ್ಕಳಿಗೆ ಕಬ್ಬು. ಮನೆಯಲ್ಲಿ ತೆನೆಯನ್ನ ದೇವರ ಪೀಠದ ಮುಂದಿಟ್ಟು ಪ್ರಾರ್ಥನೆ, ಆಮೇಲೆ ಹಿರಿಯರು ಕೆಲವು ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡ್ತಾರೆ. ಇದಕ್ಕೆ ಕೊಂಕಣಿಯಲ್ಲಿ ‘ನವೆಂ’, ಅಂದ್ರೆ ಹೊಸದು.

ಊಟ ಬಾಳೆಲೆಯಲ್ಲಿ. ಮೀನಿಲ್ಲ, ಮಾಂಸವಿಲ್ಲ. ವರ್ಷದಲ್ಲಿ ಬೇರೆ ಯಾವ ದೊಡ್ಡ ಹಬ್ಬವನ್ನೂ ಮಂಗಳೂರಿನ ಕೆಥೊಲಿಕರು ಮೀನು ಮಾಂಸ ಬಿಟ್ಟು ಮಾಡಲ್ಲ, ಇದೊಂದು ಬಿಟ್ಟು. ಪಲ್ಯಗಳ ಸಂಖ್ಯೆ ಬೆಸ ಇರ್ಬೇಕು: ಮೂರು, ಐದು, ಏಳು, ಒಂಬತ್ತು. ಕೆಸುವಿನ ದಂಟು, ಅಂಬಟೆಕಾಯಿ, ಬೆಂಡೆ, ಹಾಗಲ, ಕುಂಬಳ.

ಈಗ ಅದೇ ಊರಿನ ಪಕ್ಕದ ಮನೆಗೆ ಬನ್ನಿ. ತುಳುವರ ಸೋಣ ತಿಂಗಳು. ಗದ್ದೆಯಿಂದ ಮೊದಲ ತೆನೆ ತಂದು, ಮಾವು, ಹಲಸು, ಅಶ್ವತ್ಥದ ಎಲೆಗಳ ಜೊತೆ ಸುತ್ತಿ, ಮನೆಯ ಕಂಬಕ್ಕೆ, ತುಳಸಿಕಟ್ಟೆಗೆ, ನೇಗಿಲಿಗೆ ಕಟ್ತಾರೆ. ‘ಇಲ್ಲ್ ದಿಂಜಾವುನಿ’, ಮನೆ ತುಂಬಿಸೋದು. ಹೊಸ ಅಕ್ಕಿ ಊಟ, ಪುದ್ವಾರ್, ಅದಾದ ಮೇಲೆ. ಕೆಲವರು ಚೌತಿಗೆ, ಕೆಲವರು ನವರಾತ್ರಿಗೆ. ಘಟ್ಟ ಹತ್ತಿದ್ರೆ ಮಲೆನಾಡಿನ ಹೊಸ್ತು, ಕೊಡಗಿನ ಪುತ್ತರಿ. ಹಳೆ ಅಕ್ಕಿ ತಳ ಕಾಣೋ ಕಾಲದಲ್ಲಿ ಹೊಸದು ಬಂದಾಗ, ಮೊದಲ ತುತ್ತನ್ನ ಹಾಗೇ ಬಾಯಿಗೆ ಹಾಕ್ಕೋಬಾರದು, ದೇವರಿಗೆ ತೋರಿಸಿ, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು ಅನ್ನೋದು ಎಲ್ಲ ಕಡೆ ಒಂದೇ. ತುಳುವರು ಮೊಂತಿ ಫೆಸ್ತ್‌ಗೆ ಇಟ್ಟಿರೋ ಹೆಸರು ‘ಕುರಲ್ ಪರ್ಬ’. ಕುರಲ್ ಅಂದ್ರೆ ತೆನೆ. ಕನ್ನಡದಲ್ಲಂತೂ ‘ತೆನೆ ಹಬ್ಬ’ ಅಂತ ಕೆಥೊಲಿಕರೇ ಹೇಳ್ತಾರೆ, ಆಮಂತ್ರಣದಲ್ಲಿ ಹಾಕ್ತಾರೆ. ಯಾರೂ ಏನನ್ನೂ ಮುಚ್ಚಿಟ್ಟಿಲ್ಲ.

ನಾನಿರೋ ಪುಣೆಯಲ್ಲೂ ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ಇದೇ ತರಕಾರಿ. ಗಣೇಶ ಚೌತಿಯ ಮರುದಿನ ಋಷಿ ಪಂಚಮಿ. ಎತ್ತಿನ ದುಡಿಮೆ ಇಲ್ಲದೆ ಬೆಳೆದಿದ್ದನ್ನೇ ಆ ದಿನ ತಿನ್ಬೇಕು ಅಂತ ಕೆಸು, ಗೆಡ್ಡೆ, ಕುಂಬಳ ಎಲ್ಲ ಸೇರಿಸಿ ಮಾಡೋ ‘ಋಷಿಚಿ ಭಾಜಿ’. ಆಮೇಲೆ ಗೌರಿ ಬರ್ತಾಳೆ, ಮೂರು ದಿನ ಇದ್ದು ಹೋಗ್ತಾಳೆ, ಅವಳಿಗೆ ಹದಿನಾರು ತರಕಾರಿಯ ನೈವೇದ್ಯ ಇಡೋ ಮನೆಗಳಿವೆ. ಮಂಡಿಯಲ್ಲಿ ಆ ವಾರ ಕೆಸುವಿನ ಎಲೆಗೆ ಬೆಲೆ ಕೇಳಬೇಡಿ. ಮಂಗಳೂರಿನ ಕೆಥೊಲಿಕ್ ಅಜ್ಜಿಯೂ ಪುಣೆಯ ಬ್ರಾಹ್ಮಣ ಅಜ್ಜಿಯೂ ಒಬ್ಬರನ್ನೊಬ್ಬರು ನೋಡಿ ಕಲಿತಿದ್ದಲ್ಲ. ಭಾದ್ರಪದದಲ್ಲಿ ಪಶ್ಚಿಮ ಕರಾವಳಿಯ ಮಣ್ಣು ಏನು ಕೊಡತ್ತೋ ಅದನ್ನೇ ಇಬ್ಬರೂ ದೇವರ ಮುಂದೆ ಇಡ್ತಾರೆ.

ಹಾಗಾದ್ರೆ ಸೆಪ್ಟೆಂಬರ್ 8 ಅನ್ನೋ ತಾರೀಕು ಎಲ್ಲಿಂದ ಬಂತು? ಅದು ಭತ್ತಕ್ಕೆ ಸಂಬಂಧಪಟ್ಟಿದ್ದೇ ಅಲ್ಲ. ಮರಿಯಮ್ಮನ ಜನ್ಮದಿನದ ಆಚರಣೆ ಪೂರ್ವದ ಸಭೆಗಳಲ್ಲಿ ಶುರುವಾಗಿ, ಏಳನೇ ಶತಮಾನದ ಕೊನೆಯಲ್ಲಿ ಪೋಪ್ ಒಂದನೇ ಸೆರ್ಜಿಯಸ್ ಕಾಲಕ್ಕೆ ರೋಮ್‌ನಲ್ಲಿ ನೆಲೆ ನಿಂತಿತ್ತು. ಜೆರುಸಲೇಮ್ ಕಡೆ ಎಲ್ಲಿಯ ಭತ್ತ? ಅಂದ್ರೆ ಸಾವಿರ ವರ್ಷಗಳ ಮೇಲೆ ಈ ತಾರೀಕು ನಮ್ಮ ಕರಾವಳಿಗೆ ಬಂದಾಗ, ಅದು ತೆನೆ ಹಾಲು ತುಂಬೋ ಹೊತ್ತಿಗೆ ಸರಿಯಾಗಿ ಬಿತ್ತು. ಸರಿಯಾಗಿ ಅನ್ನೋದೂ ಪೂರ್ತಿ ನಿಜವಲ್ಲ. ಜೂನ್ ಜುಲೈನಲ್ಲಿ ನಾಟಿಯಾದ ಏಣೆಲು ಪೈರು ಸೆಪ್ಟೆಂಬರ್ 8ಕ್ಕೆ ಎಷ್ಟೋ ಕಡೆ ಇನ್ನೂ ಹಸಿರಾಗಿಯೇ ಇರತ್ತೆ.

ಗೋವೆಯಲ್ಲಿ ನೋಡಿದ್ರೆ ವಿಷಯ ಇನ್ನೂ ಸ್ಪಷ್ಟ. ಅಲ್ಲಿ ಇದು ‘ಕಣಸಾಚೆಂ ಫೆಸ್ತ್’, ಕಣಸ ಅಂದ್ರೆ ತೆನೆ. ಆದರೆ ತಾರೀಕು ಊರಿಗೊಂದು. ಸಾಷ್ಟಿಯ ರಾಯ್ ಗ್ರಾಮದಲ್ಲಿ ಆಗಸ್ಟ್ 5ಕ್ಕೆ, ಹಿಮದ ಮಾತೆಯ ಹಬ್ಬದ ದಿನ. ಉಷ್ಣವಲಯದ ಗದ್ದೆಗೆ ಹಿಮದ ಮಾತೆ! ಪಣಜಿ ಪಕ್ಕದ ತಾಳಗಾಂವ್‌ನಲ್ಲಿ ಆಗಸ್ಟ್ 21ಕ್ಕೆ. ಮೊದಲ ತೆನೆ ಕೊಯ್ಯೋ ಹಕ್ಕು ಊರಿನ ಹಳೆಯ ಗಾಂವಕಾರ ಮನೆತನಗಳದ್ದು. ಮತಾಂತರಕ್ಕೆ ಮೊದಲಿದ್ದ ಗ್ರಾಮ ವ್ಯವಸ್ಥೆ ಅದು, ಮೇಲುಕೀಳಿನ ಸಮೇತ ಇಗರ್ಜಿಯ ಒಳಗೂ ಬಂತು. ಯಾರು ಮೊದಲು ಕುಡುಗೋಲು ಹಿಡೀಬೇಕು ಅನ್ನೋದು ಸುವಾರ್ತೆಯಲ್ಲಿ ಬರೆದಿಲ್ಲ, ಊರಿನ ನೆನಪಿನಲ್ಲಿದೆ. ಅಂದ್ರೆ ಹಬ್ಬ ಗದ್ದೆಯದ್ದು, ಅದನ್ನ ನೇತು ಹಾಕೋ ಗೂಟ ಮಾತ್ರ ಚರ್ಚಿನ ಪಂಚಾಂಗದ್ದು. ಹತ್ತಿರ ಯಾವ ಗೂಟ ಸಿಕ್ಕಿತೋ ಅದಕ್ಕೆ.

ಮಂಗಳೂರಿನವರಿಗೆ ಸೆಪ್ಟೆಂಬರ್ 8ರ ಗೂಟ ಸಿಕ್ಕಿದ್ದು ಹೇಗೆ? ಸಮುದಾಯದಲ್ಲಿ ಹೇಳೋದು ಹೀಗೆ. ನೇತ್ರಾವತಿ ದಡದ ಫರಂಗಿಪೇಟೆಯಲ್ಲಿ ಗುಡ್ಡದ ಮೇಲೆ ಫ್ರಾನ್ಸಿಸ್ಕನ್ನರ ಇಗರ್ಜಿ, ಹೆಸರು ಮೊಂತೆ ಮರಿಯಾನೊ, ಮರಿಯಮ್ಮನ ಗುಡ್ಡ. ಆ ‘ಮೊಂತೆ’ಯೇ ಮೊಂತಿ. ಅಲ್ಲಿದ್ದ ಗೋವೆಯ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಈ ಹಬ್ಬ ಶುರು ಮಾಡಿದ್ರು ಅನ್ನೋದು ನಂಬಿಕೆ. ಹೈದರಾಲಿ ಬಿದನೂರು ತೆಗೆದುಕೊಂಡು ಕೆಳದಿ ನಾಯಕರ ಆಳ್ವಿಕೆ ಮುಗಿಸಿದ್ದೂ ಅದೇ 1763ರಲ್ಲಿ. ಇಪ್ಪತ್ತೊಂದು ವರ್ಷ ಕಳೆದು, 1784ರಲ್ಲಿ, ಟಿಪ್ಪು ಕರಾವಳಿಯ ಕೆಥೊಲಿಕರನ್ನ ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಇಗರ್ಜಿಗಳು ಕೆಡವಲ್ಪಟ್ಟವು, ಗದ್ದೆಗಳು ಬೇರೆಯವರ ಕೈಗೆ ಹೋದವು. ಬದುಕಿ ಉಳಿದವರು ಊರಿಗೆ ಮರಳಿದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಹದಿನೈದು ವರ್ಷ ತಮ್ಮ ಗದ್ದೆಯ ತೆನೆ ನೋಡದೇ ಇದ್ದವರ ಹಬ್ಬ ಇದು. ‘ಕದ್ದಿದ್ದು’ ಅಂತ ಒಂದು ಸಾಲಿನ ಸಂದೇಶ ಕಳಿಸೋರು ಇಷ್ಟನ್ನ ಒಂದು ಸಲ ಮನಸ್ಸಿಗೆ ತಂದ್ಕೊಂಡ್ರೆ ಸಾಕು.

ಇದರ ಇನ್ನೊಂದು ಮಗ್ಗುಲೂ ಇದೆ, ಅದನ್ನ ಬಿಟ್ಟು ಹೇಳಿದ್ರೆ ಮೋಸ ಆಗತ್ತೆ. ಈ ಜನ ಗೋವೆಯಿಂದ ಬಂದವರು. ಗೋವೆಯಲ್ಲಿ ಹಳೆ ಆಚಾರಗಳು ಹೊಸ ಧರ್ಮದೊಳಗೆ ನಗುನಗುತ್ತಾ ಬಂದಿದ್ದಲ್ಲ. 1567ರಲ್ಲಿ ಸಾಷ್ಟಿಯ ದೇವಸ್ಥಾನಗಳನ್ನ ಪೋರ್ಚುಗೀಸರು ಸುಟ್ಟು ಕೆಡವಿದ್ರು. 1560ರಲ್ಲಿ ಶುರುವಾದ ಇನ್ಕ್ವಿಸಿಷನ್, ಅಂದ್ರೆ ಧರ್ಮ ವಿಚಾರಣೆಯ ನ್ಯಾಯಾಲಯ, ನಡುವೆ ಕೆಲವು ವರ್ಷ ನಿಂತು, ಪೂರ್ತಿ ಮುಚ್ಚಿದ್ದು 1812ರಲ್ಲಿ. ಅದು 1736ರಲ್ಲಿ ಹೊರಡಿಸಿದ ಒಂದು ಆಜ್ಞೆ ಇದೆ. ಅ. ಕಾ. ಪ್ರಿಯೋಳ್ಕರ್ ಅವರ ‘ದಿ ಗೋವಾ ಇನ್ಕ್ವಿಸಿಷನ್’ ಪುಸ್ತಕದಲ್ಲಿ ವಿವರವಾಗಿ ಸಿಗತ್ತೆ. ಕ್ರೈಸ್ತರಾದವರು ಅಂಗಳದಲ್ಲಿ ತುಳಸಿ ನೆಡಬಾರದು, ಇದ್ರೆ ಕಿತ್ತು ಹಾಕ್ಬೇಕು. ಗಂಡಸರು ಧೋತರ, ಹೆಂಗಸರು ಚೋಳಿ ಹಾಕ್ಬಾರದು. ಮದುವೆಯಲ್ಲಿ ಹಳೆಯ ಹಾಡು ಹೇಳ್ಬಾರದು. ಕೊನೆಗೆ, ಅನ್ನ ಬೇಯಿಸುವಾಗಲೇ ಉಪ್ಪು ಹಾಕ್ಬೇಕಂತೆ! ಹಿಂದೂಗಳ ಹಾಗೆ ಸಪ್ಪೆ ಅನ್ನ ಮಾಡಿ ಆಮೇಲೆ ಉಪ್ಪು ಹಾಕ್ಕೊಳ್ಳೋದು ಅಪರಾಧ.

ಅನ್ನದ ಪಾತ್ರೆಯ ಉಪ್ಪಿನವರೆಗೆ ಇಣುಕಿ ನೋಡಿದ ವ್ಯವಸ್ಥೆ ಅದು. ಅಂಥ ಕಡೆಯಿಂದ ಬಂದವರು ಹೊಸ ಅಕ್ಕಿಯ ಊಟ ಉಳಿಸ್ಕೊಂಡ್ರು, ಬಾಳೆಲೆ ಉಳಿಸ್ಕೊಂಡ್ರು, ಆ ದಿನ ಮೀನು ಬಿಡೋದನ್ನ ಉಳಿಸ್ಕೊಂಡ್ರು. ಕೆಲವನ್ನ ಪಾದ್ರಿಗಳೇ ಒಪ್ಪಿ ಆಶೀರ್ವಾದ ಮಾಡಿದ್ರು, ಯಾಕಂದ್ರೆ ಆ ಪಾದ್ರಿಗಳೂ ಅದೇ ಮನೆಗಳ ಮಕ್ಕಳು. ಇದನ್ನ ಕಳ್ಳತನ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ. ತಮ್ಮ ಅಜ್ಜ ಅಜ್ಜಿ ಮಾಡ್ತಿದ್ದಿದ್ದನ್ನ ಮೊಮ್ಮಕ್ಕಳು ಮಾಡಿದ್ರೆ ಕದ್ದಿದ್ದು ಯಾರಿಂದ?

ಇನ್ನೂ ವಿಚಿತ್ರ ಬೇಕಾದ್ರೆ ದಕ್ಷಿಣ ಗೋವೆಯ ಕುಂಕಳ್ಳಿಗೆ ಹೋಗಿ. ಅಲ್ಲಿಯ ಶಾಂತಾದುರ್ಗೆಯನ್ನ ಪೋರ್ಚುಗೀಸರ ಕಾಲದಲ್ಲಿ ಫಾತರ್ಪೆಗೆ ಸಾಗಿಸಿದ್ರು. ಈಗಲೂ ಶಿಗ್ಮೋ ಹೊತ್ತಿಗೆ ಕುಂಕಳ್ಳಿಯಿಂದ ಫಾತರ್ಪೆಗೆ ಬಣ್ಣಬಣ್ಣದ ಛತ್ರಿಗಳ ಮೆರವಣಿಗೆ ಹೋಗತ್ತೆ. ಛತ್ರಿ ಹನ್ನೆರಡು, ಊರಿನ ಹನ್ನೆರಡು ಮೂಲ ಮನೆತನಗಳಿಗೆ ಒಂದೊಂದು. ಆ ಮನೆತನಗಳಲ್ಲಿ ಕ್ರೈಸ್ತರಾದವರಿದ್ದಾರೆ, ಆದರೂ ಅವರ ಛತ್ರಿಯನ್ನ ಲೆಕ್ಕದಿಂದ ತೆಗೆದಿಲ್ಲ.

ಈಗ ರೋಮ್. ‘ಪೇಗನ್’ ಅನ್ನೋ ಪದದಿಂದಲೇ ಶುರು ಮಾಡೋಣ. ಲ್ಯಾಟಿನ್‌ನಲ್ಲಿ ‘ಪಾಗಾನುಸ್’ ಅಂದ್ರೆ ಮೊದಲಿಗೆ ಹಳ್ಳಿಯವನು. ಗದ್ದೆ, ಬೆಳೆ, ಊರ ದೇವರು ಬಿಟ್ಟು ಬರದವನು ಅನ್ನೋ ಅರ್ಥ ಆಮೇಲೆ ಅಂಟಿಕೊಂಡಿತು. ಆ ಲೆಕ್ಕದಲ್ಲಿ ಗೋವೆಯ ಗಾಂವಕಾರನೂ ತುಳುನಾಡಿನ ಒಕ್ಕಲಿನವನೂ ಒಳ್ಳೇ ಪಾಗಾನುಸ್‌ಗಳು.

ಕ್ರಿಸ್ಮಸ್ ವಿಷಯಕ್ಕೆ ಒಂದು ಗಟ್ಟಿ ದಾಖಲೆ ಇದೆ: ಕ್ರಿ.ಶ. 354ರಲ್ಲಿ ರೋಮ್‌ನಲ್ಲಿ ತಯಾರಾದ ಒಂದು ಪಂಚಾಂಗ ಗ್ರಂಥ. ಅದರ ಸರ್ಕಾರಿ ಭಾಗದಲ್ಲಿ ಡಿಸೆಂಬರ್ 25ರ ಎದುರು ‘ಅಜೇಯನ ಜನ್ಮದಿನ’ ಅಂತ ಇದೆ, ಜೊತೆಗೆ ಮೂವತ್ತು ರಥದ ಓಟ. ಅಜೇಯ ಅಂದ್ರೆ ಸೂರ್ಯ. 274ರಲ್ಲಿ ಸಾಮ್ರಾಟ ಔರೇಲಿಯನ್ ರೋಮ್‌ನಲ್ಲಿ ಸೂರ್ಯನಿಗೆ ದೊಡ್ಡ ಗುಡಿ ಕಟ್ಟಿಸಿದ್ದ. ಅದೇ ಗ್ರಂಥದ ಇನ್ನೊಂದು ಭಾಗದಲ್ಲಿ, ಅದೇ ದಿನಕ್ಕೆ, ಬೆತ್ಲೆಹೇಮಿನಲ್ಲಿ ಕ್ರಿಸ್ತ ಹುಟ್ಟಿದ ಅಂತ ಇದೆ. ಎರಡೂ ಒಂದೇ ಹೊದಿಕೆಯೊಳಗೆ. ಹಾಗಾಗಿ ‘ಸಂಬಂಧವೇ ಇಲ್ಲ’ ಅನ್ನೋರ ವಾದ ನಿಲ್ಲಲ್ಲ. ಆದರೆ ‘ಕದ್ದಿದ್ದು’ ಅನ್ನೋರದ್ದೂ ಅಷ್ಟು ಸಲೀಸಲ್ಲ. ಅದಕ್ಕೂ ಮೊದಲೇ, ಸುಮಾರು 200ರ ಹೊತ್ತಿಗೆ, ತೆರ್ತುಲಿಯನ್‌ನಂಥ ಕ್ರೈಸ್ತ ಲೇಖಕರು ಕ್ರಿಸ್ತ ಶಿಲುಬೆಗೇರಿದ್ದು ಮಾರ್ಚ್ 25ಕ್ಕೆ ಅಂತ ಲೆಕ್ಕ ಹಾಕಿದ್ರು. ಮಹಾಪುರುಷರು ಗರ್ಭಕ್ಕೆ ಬಂದ ದಿನವೂ ಸತ್ತ ದಿನವೂ ಒಂದೇ ಅನ್ನೋ ನಂಬಿಕೆ ಜೊತೆಗಿತ್ತು. ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಕೂಡಿಸಿ. ವಿದ್ವಾಂಸರು ಈಗಲೂ ಎರಡು ಪಕ್ಷವಾಗಿ ಜಗಳವಾಡ್ತಿದ್ದಾರೆ. ನನಗನಿಸೋದು, ಎರಡೂ ಲೆಕ್ಕದ ಹಿಂದೆ ಇರೋದು ಆಕಾಶ.

ಯಾಕೆ ಅಂತೀರಾ? ಕ್ರಿ.ಪೂ. 45ರಲ್ಲಿ ಜೂಲಿಯಸ್ ಸೀಸರ್ ಪಂಚಾಂಗ ತಿದ್ದಿಸಿದಾಗ ಚಳಿಗಾಲದ ಅತಿ ಚಿಕ್ಕ ಹಗಲು ಡಿಸೆಂಬರ್ 25 ಅಂತ ಇಟ್ಟುಕೊಂಡಿದ್ರು. ಅಲ್ಲಿಂದ ಸೂರ್ಯ ಉತ್ತರಕ್ಕೆ ತಿರುಗ್ತಾನೆ. ಆದರೆ ಆ ವರ್ಷದ ಉದ್ದದಲ್ಲಿ ಹನ್ನೊಂದು ನಿಮಿಷ ಹೆಚ್ಚಿತ್ತು, ಸುಮಾರು 128 ವರ್ಷಕ್ಕೆ ಒಂದು ದಿನದ ಹಾಗೆ ನಿಜವಾದ ಉತ್ತರಾಯಣ ಜಾರ್ತಾ ಹೋಯ್ತು. ಹಬ್ಬ 25ಕ್ಕೇ ನಿಂತಿತು. ಈಗ ಅತಿ ಚಿಕ್ಕ ಹಗಲು ಬರೋದು 21 ಅಥವಾ 22ಕ್ಕೆ. ನಮ್ಮಲ್ಲೂ ಇದೇ ಕಥೆ, ದಿಕ್ಕು ಬೇರೆ. ಮಕರ ಸಂಕ್ರಾಂತಿ ಒಂದು ಕಾಲಕ್ಕೆ ಉತ್ತರಾಯಣದ ದಿನವೇ ಆಗಿತ್ತು. ನಾವು ನಕ್ಷತ್ರ ಹಿಡಿದು ವರ್ಷ ಎಣಿಸ್ತೀವಿ, ಭೂಮಿಯ ಅಕ್ಷ ಬುಗುರಿ ಥರ ನಿಧಾನಕ್ಕೆ ತೂಗತ್ತೆ, ಹಾಗಾಗಿ ಎಪ್ಪತ್ತು ಚಿಲ್ಲರೆ ವರ್ಷಕ್ಕೊಂದು ದಿನ ಸಂಕ್ರಾಂತಿ ಮುಂದೆ ಹೋಗಿ ಈಗ ಜನವರಿ 14, 15ಕ್ಕೆ ಬಂದಿದೆ. ಆದರೂ ಎಳ್ಳು ಹಂಚುವಾಗ ಉತ್ತರಾಯಣ ಪುಣ್ಯಕಾಲ ಅಂತಲೇ ಹೇಳ್ತೀವಿ ಅಲ್ವಾ? ಸಂಕ್ರಾಂತಿ, ಕ್ರಿಸ್ಮಸ್ ಎರಡೂ ಒಂದೇ ಸೂರ್ಯನನ್ನ ನೋಡಿ ಹುಟ್ಟಿ, ಎರಡೂ ಅವನ ಕೈತಪ್ಪಿಸ್ಕೊಂಡಿವೆ.

ಈಸ್ಟರ್ ಬಗ್ಗೆ ಎರಡೇ ಮಾತು. ಇಂಗ್ಲಿಷರ ಹಳೆಯ ದೇವತೆ ಈಯೊಸ್ತ್ರೆ ಹೆಸರಿಂದ ಬಂತು ಅಂತ 725ರಲ್ಲಿ ಬೀಡ್ ಎಂಬ ಸನ್ಯಾಸಿ ಬರೆದಿದ್ದಾನೆ. ಆ ದೇವತೆಗೆ ಇರೋ ಹಳೆಯ ಸಾಕ್ಷಿ ಅದೊಂದೇ. ಮತ್ತೆ ಅದು ಇಂಗ್ಲಿಷ್, ಜರ್ಮನ್ ಹೆಸರಿನ ವಿಷಯ ಮಾತ್ರ. ಹಬ್ಬ ನಿಂತಿರೋದು ಯೆಹೂದ್ಯರ ಪಸ್ಕದ ಮೇಲೆ. ಆ ಪಸ್ಕದ ಹೊತ್ತಿಗೆ ಜವೆಗೋದಿಯ ಮೊದಲ ಸಿವುಡನ್ನ ದೇವರ ಮುಂದೆ ತರಬೇಕಿತ್ತು, ಐವತ್ತನೆಯ ದಿನ ಗೋದಿಯ ಹೊಸ ಹಿಟ್ಟಿನ ರೊಟ್ಟಿ. ಕನ್ನಡ ಬೈಬಲ್‌ನಲ್ಲಿ ‘ಪ್ರಥಮ ಫಲ’, ‘ಪಂಚಾಶತ್ತಮ’ ಅಂತ ಓದೋದು ಇದನ್ನೇ. ಅಂದ್ರೆ ತೆನೆ ತಂದು ದೇವರ ಮುಂದೆ ಇಡೋದಕ್ಕೆ ಮಂಗಳೂರಿನ ಪಾದ್ರಿಗಳು ಪಕ್ಕದ ಮನೆ ಬೇಲಿ ಹಾರಬೇಕಿರಲಿಲ್ಲ, ಅವರ ಗ್ರಂಥದಲ್ಲೇ ಇತ್ತು. ಜನರ ಕೈಯಲ್ಲಿ ಇನ್ನೊಂದು ದಾರಿಯಿಂದ ಬಂದಿತ್ತು. ಎರಡು ಕೂಡಿದ್ವು.

ಬೇಕಂತಲೇ, ಯೋಚನೆ ಮಾಡಿ ಬದಲಾಯಿಸಿದ ಉದಾಹರಣೆಗಳೂ ಇವೆ. 601ರಲ್ಲಿ ಪೋಪ್ ಗ್ರೆಗೊರಿ ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿತುಸ್‌ಗೆ ಬರೆದ ಪತ್ರ ಉಳಿದಿದೆ. ವಿಗ್ರಹ ಒಡೆಯಿರಿ, ಆದರೆ ಗುಡಿ ಕೆಡವಬೇಡಿ. ತೀರ್ಥ ಪ್ರೋಕ್ಷಿಸಿ ಅದನ್ನೇ ಇಗರ್ಜಿ ಮಾಡಿ, ಜನ ರೂಢಿಯ ಜಾಗಕ್ಕೇ ಬರಲಿ. ಎತ್ತು ಬಲಿ ಕೊಡ್ತಿದ್ದವರು ಇನ್ಮೇಲೆ ಸೊಪ್ಪಿನ ಚಪ್ಪರ ಹಾಕ್ಕೊಂಡು ಅದನ್ನೇ ಹಬ್ಬದೂಟ ಮಾಡಲಿ. ಬೆಟ್ಟ ಹತ್ತುವವನು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾನೆ, ಹಾರಲ್ಲ ಅನ್ನೋದು ಅವನ ತರ್ಕ. ಚಾಣಾಕ್ಷತನ ಅನ್ನಿ, ಕರುಣೆ ಅನ್ನಿ. ಸಾವಿರ ವರ್ಷ ಆದ್ಮೇಲೆ ಗೋವೆಯ ಅಧಿಕಾರಿಗಳು ಇದನ್ನ ಓದಿದ್ರೆ ಉಪ್ಪಿನ ತಂಟೆಗೆ ಹೋಗ್ತಿರಲಿಲ್ಲವೇನೋ.

ಅದೇ ಗೋವೆಯಲ್ಲಿ ಬೇರೆ ದಾರಿ ಹಿಡಿದವರೂ ಇದ್ರು ಅನ್ನಿ. ಥಾಮಸ್ ಸ್ಟೀಫನ್ಸ್ ಅನ್ನೋ ಇಂಗ್ಲಿಷ್ ಜೆಸುಯಿಟ್ ಮರಾಠಿ ಕಲಿತು, ಓವಿ ಛಂದಸ್ಸಿನಲ್ಲಿ ‘ಕ್ರಿಸ್ತಪುರಾಣ’ ಬರೆದು 1616ರಲ್ಲಿ ಅಚ್ಚು ಹಾಕಿಸಿದ. ಪುರಾಣ ಓದಿ ಕೇಳೋ ಅಭ್ಯಾಸ ಜನರಿಗಿತ್ತು, ಅದನ್ನ ಕಿತ್ಕೊಳ್ಳೋ ಬದಲು ಬೇರೆ ಪುರಾಣ ಕೊಟ್ಟ.

ಪುಣೆಯಲ್ಲಿ ಕೂತು ಇದನ್ನೆಲ್ಲ ಹೇಳೋದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಪೇಠಕ್ಕೆ ಹೆಸರು ಬಂದಿದ್ದು ಪಾಣಿಪತ್‌ನಲ್ಲಿ ಬಿದ್ದ ಸದಾಶಿವರಾವ್ ಭಾವುವಿನಿಂದ. ಅವನ ತಂದೆ ಚಿಮಾಜಿ ಅಪ್ಪಾ, 1739ರಲ್ಲಿ ಪೋರ್ಚುಗೀಸರಿಂದ ವಸಯಿ ಕೋಟೆ ಗೆದ್ದವನು. ಅದೇ ವರ್ಷ ಗೋವೆಯಿಂದ ವಸಯಿಗೆ ನೆರವು ಹೋಗದಿರಲಿ ಅಂತ ಇಚಲಕರಂಜಿಯ ವ್ಯಂಕಟರಾವ್ ಘೋರ್ಪಡೆಯ ಸೈನ್ಯ ಸಾಷ್ಟಿಗೆ ನುಗ್ಗಿತು. ಇಂಥ ದಾಳಿಗಳಲ್ಲಿ ಊರು ಬಿಟ್ಟು ದಕ್ಷಿಣಕ್ಕೆ, ಕೆನರಾಕ್ಕೆ ಹೋದ ಕ್ರೈಸ್ತ ಕುಟುಂಬಗಳು ಮಂಗಳೂರು ಸಮುದಾಯದಲ್ಲಿವೆ. ಅಂದ್ರೆ ನಮ್ಮ ಪೇಠದ ಹೆಸರಿಗೂ ಮೊಂತಿ ಹಬ್ಬದ ಬಾಳೆಲೆಗೂ ಒಂದು ಎಳೆ ಇದೆ.

ವಸಯಿ ಗೆದ್ದ ಮರಾಠರು ಅಲ್ಲಿಯ ಇಗರ್ಜಿಗಳ ದೊಡ್ಡ ದೊಡ್ಡ ಗಂಟೆಗಳನ್ನ ಇಳಿಸಿ ತಂದು ದೇವಸ್ಥಾನಗಳಿಗೆ ಕೊಟ್ರು. ಭೀಮಾಶಂಕರದಲ್ಲಿ ಒಂದಿದೆ. ವಾಯಿ ಪಕ್ಕ ಮೇಣವಲಿಯಲ್ಲಿ, ನಾನಾ ಫಡ್ನವೀಸನ ವಾಡೆಯ ಹಿಂದಿನ ಕೃಷ್ಣೆಯ ಘಾಟಿನಲ್ಲಿ, ಇನ್ನೊಂದು. ಅದರ ಮೇಲೆ 1707 ಅಂತ ಇಸವಿ, ಮಗು ಯೇಸುವನ್ನ ಎತ್ತಿಕೊಂಡ ಮರಿಯಮ್ಮನ ಅಚ್ಚು. ಹಬ್ಬ ಯಾರದ್ದು ಅಂತ ಕೇಳೋರು ಆ ಗಂಟೆ ಯಾರದ್ದು ಅಂತ ಕೇಳಲ್ಲ. ಅದೇ ಪುಣೆಯಲ್ಲಿ 1792ರಲ್ಲಿ ಸವಾಯಿ ಮಾಧವರಾವ್ ಪೇಶ್ವೆ ತನ್ನ ಸೈನ್ಯದಲ್ಲಿದ್ದ ಕ್ರೈಸ್ತರಿಗೆ ಇಗರ್ಜಿ ಕಟ್ಟೋಕೆ ಜಾಗ ಕೊಟ್ಟ. ಕ್ವಾರ್ಟರ್ ಗೇಟ್ ಹತ್ತಿರದ ಸಿಟಿ ಚರ್ಚ್ ಅದೇ.

ಈಗಿನ ಸ್ಥಿತಿ ಹೇಳಿ ಮುಗಿಸ್ತೀನಿ. ಕರಾವಳಿಯಲ್ಲಿ ಭತ್ತದ ಗದ್ದೆ ಕಮ್ಮಿಯಾಗ್ತಾ ಬಂದಿದೆ. ಎಷ್ಟೋ ಕಡೆ ಅಡಿಕೆ ಬಂದಿದೆ, ಸೈಟು ಬಿದ್ದಿದೆ. ದೇವಸ್ಥಾನದ ತೆನೆಗೂ ಇಗರ್ಜಿಯ ತೆನೆಗೂ ಗದ್ದೆ ಉಳಿಸ್ಕೊಂಡವರನ್ನ ಹುಡುಕಿಕೊಂಡು ಹೋಗ್ಬೇಕು. ಹೊರ ಊರಲ್ಲಿರೋ ಮಕ್ಕಳಿಗೆ ಮಂಗಳೂರಿನ ಮನೆಗಳಿಂದ ಒಣಗಿಸಿದ ನವೆಂ ಕಾಳನ್ನ ಕಾಗದದಲ್ಲಿ ಮಡಿಚಿ ಅಂಚೆಯಲ್ಲಿ ಕಳಿಸೋ ರೂಢಿ ಇದೆ. ಮುಂಬೈಗೆ, ಪುಣೆಗೆ, ಕೊಲ್ಲಿ ದೇಶಗಳಿಗೆ. ಅಲ್ಲಿ ಅದನ್ನ ಪ್ಯಾಕೆಟ್ ಹಾಲಿಗೆ ಹಾಕಿ, ಎಲ್ಲರೂ ಒಂದೊಂದು ಗುಟುಕು ಕುಡೀತಾರೆ.

ಮುಂದಿನ ವಾರ ವಸಯಿಯ ಗಂಟೆಗಳ ಬಗ್ಗೆಯೇ ಮಾತಾಡೋಣ. ಮೇಣವಲಿಗೆ ಹೋಗಿ ಚಿತ್ರೀಕರಿಸ್ಕೊಂಡು ಬರ್ತೀನಿ.